ಸರ್ವಮಂಗಳೆಯ ನಕಲು

ಸರ್ವಮಂಗಳ ಹೊಸ್ತಿಲು ದಾಟಿ ಒಳಗೆ ಬಂದರೆ ಸಾಕು, ನಮ್ಮೂರಿನಲ್ಲಿ ಎಂಥ ಕೆಟ್ಟ ಕಂಪ್ಯೂಟರೂ ತನ್ನಷ್ಟಕ್ಕೆ ಸರಿಹೋಗುತ್ತಿತ್ತು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಣ್ಣಾರೆ ಕಂಡವಳು, ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ. ಪೇಟೆ ಬೀದಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ನನ್ನದು. ಹೆಸರು ಗಂಗಮ್ಮ, ಊರಿನ ಬಾಯಲ್ಲಿ ಗಂಗಕ್ಕ. ನಮ್ಮೂರಿನ ಅರ್ಧ ಜನಕ್ಕೆ ಮದುವೆ ಮಾಡಿಸಿದ್ದು ದೇವರು, ಅದನ್ನು ಮಿಕ್ಕ ಅರ್ಧ ಜನಕ್ಕೆ ತಿಳಿಸಿದ್ದು ನಾನು.

ಸರ್ವಮಂಗಳ ಹೊರಗೆಲ್ಲೋ ಹೋಗಿ ಕಂಪ್ಯೂಟರ್ ರಿಪೇರಿ ಕಲಿತು ಬಂದ ಹೊಸತು. ಅವತ್ತು ನನ್ನ ಕಂಪ್ಯೂಟರು ಬೆಳಗಿನಿಂದ ಬರೀ ನೀಲಿ ಪರದೆ ತೋರಿಸಿಕೊಂಡು ಮೊಂಡು ಹಿಡಿದು ಕೂತಿತ್ತು. ಹೇಳಿಕಳಿಸಿದೆ, ಬಂದಳು. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಹೆಗಲಲ್ಲಿ ಹೊಸ ಚೀಲ, ಚೀಲದೊಳಗೆ ಪ್ಲಾಸ್ಟಿಕ್ಕು ಕೂಡ ಬಿಚ್ಚದ ಸ್ಕ್ರೂಡ್ರೈವರುಗಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳೋ ಇಲ್ಲವೋ, ನೀಲಿ ಹೋಗಿ ನಾನು ಅರ್ಧಕ್ಕೆ ಬಿಟ್ಟಿದ್ದ ಪತ್ರಿಕೆ, ಮೇಲೆ ಗಣಪತಿ ಸಮೇತ, ಪರದೆಯ ಮೇಲೆ ಪ್ರತ್ಯಕ್ಷವಾಯಿತು.

"ಏನಾಗಿದೆ ಗಂಗಕ್ಕ? ಚೆನ್ನಾಗೇ ಇದ್ಯಲ್ಲ" ಅಂದಳು.

"ಈಗ ಚೆನ್ನಾಗಿದೆ. ನೀನು ಬರೋಗಂಟ ಹಾಳಾಗೋಗಿತ್ತು ಕಣೆ, ನಿನ್ನಾಣೆ!"

ಅವಳು ಬೀದಿಗಿಳಿದಳು, ನೀಲಿ ಬಂತು. ಒಳಗೆ ಬಂದಳು, ಗಣಪತಿ ಬಂದ. ಬಾಗಿಲ ಸಂದಿಯಿಂದ ಇಣುಕಿದಳು, ಗಣಪತಿ. ಕೊನೆಗೆ ನಾನು ಉಪಾಯ ಮಾಡಿ, ಅವಳನ್ನು ಬೀದಿಯ ತುದಿಗೆ ಕಳಿಸಿ, ನೀಲಿ ಪರದೆಯನ್ನು ಫೋನಿನಲ್ಲಿ ಫೋಟೋ ತೆಗೆದೆ. ಓಡಿಹೋಗಿ ಅವಳ ಮುಂದೆ ಹಿಡಿದರೆ ಫೋಟೋದಲ್ಲೂ ಗಣಪತಿಯೇ ಕೂತಿದ್ದ! ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಕಲಿತ ವಿದ್ಯೆಯನ್ನು ಕೈಯಲ್ಲಿ ಹಿಡಿದುಕೊಂಡು ಊರೆಲ್ಲ ಸುತ್ತಿದಳು, ಎಲ್ಲಿ ಹೋದರೂ ಇದೇ ಕಥೆ. ಜನ ಕೈ ಮುಗಿದು ಕಾಫಿ ಕೊಟ್ಟು ಕಳಿಸುತ್ತಿದ್ದರು. ಕೆಟ್ಟ ಯಂತ್ರ ಹೇಗಿರುತ್ತದೆ ಎಂಬುದನ್ನೇ ಕಾಣದ ರಿಪೇರಿಯವಳು ಲೋಕದಲ್ಲಿ ಅವಳೊಬ್ಬಳೇ ಇದ್ದಳೇನೋ.

ಊರು ಬಲು ಬೇಗ ಹೊಂದಿಕೊಂಡಿತು. ಒಂದು ಸಲ ಅವಳು ಅಕ್ಕಿ ಗಿರಣಿಯಲ್ಲಿ ಚಪ್ಪಲಿ ಮರೆತು ಬರಿಗಾಲಲ್ಲಿ ಮನೆಗೆ ಹೋಗಿದ್ದಳು. ಅವತ್ತು ಗಿರಣಿಯ ಕಂಪ್ಯೂಟರು ಸಂಜೆಯವರೆಗೆ ತುಟಿ ಪಿಟಕ್ಕೆನ್ನದೆ ದುಡಿಯಿತಂತೆ. ಗಿರಣಿಯ ಯಜಮಾನ ಮಲ್ಲಾರಾಧ್ಯರು ನಮ್ಮ ವರ್ತಕರ ಸಂಘದ ಅಧ್ಯಕ್ಷರೂ ಹೌದು. ಅವರಿಗೆ ಗೊತ್ತಾಯಿತೆಂದರೆ ಬೀದಿಗೆಲ್ಲ ಗೊತ್ತಾದ ಹಾಗೆ. ಮಾರನೆಯ ದಿನದಿಂದ ಅಂಗಡಿಗೊಂದರಂತೆ ಎಲ್ಲರೂ ಅವಳ ಅಳತೆಯ ಚಪ್ಪಲಿ ತಂದರು. ಹೊಸ ಚಪ್ಪಲಿಗೆ ಯಾವ ಕಂಪ್ಯೂಟರೂ ಸೊಪ್ಪು ಹಾಕುತ್ತಿರಲಿಲ್ಲ. ಅವಳು ಹಾಕಿಕೊಂಡು ಒಂದಿಷ್ಟು ದೂರ ನಡೆದಿರಬೇಕು. ಆ ನಡಿಗೆಯ ಬಲವೂ ಕೆಲವು ದಿನಕ್ಕೆ ಇಳಿದುಹೋಗುತ್ತಿತ್ತು. ಹಾಗಾಗಿ ಸರ್ವಮಂಗಳೆಗೆ ಬೆಳಗಿನಿಂದ ಸಂಜೆಯವರೆಗೆ ಕೆರೆ ಏರಿಯ ಮೇಲೆ ಜೋಡಿ ಬದಲಿಸುತ್ತ ಬದಲಿಸುತ್ತ ನಡೆಯುವುದೇ ಕೆಲಸವಾಯಿತು. ಮೆಡಿಕಲ್ ಸ್ಟೋರಿನ ಜೋಡಿ, ಬೇಕರಿಯ ಜೋಡಿ, ಗೊಬ್ಬರದಂಗಡಿಯ ಜೋಡಿ. ಗೊಬ್ಬರದಂಗಡಿಯದು ಕಾಲು ಕಚ್ಚುತ್ತಿತ್ತು ಪಾಪ.

ಆದರೆ ಅವಳಿಗೆ ಬೇಕಾದದ್ದು ಬೇರೆಯೇ. ನಮ್ಮೂರಿನಲ್ಲಿ ರಿಪೇರಿ ಅಂಗಡಿಗೆ ಬೋರ್ಡು ಹಾಕಬೇಕಾದರೆ ಪರೀಕ್ಷೆ ಪಾಸಾಗಿರಬೇಕು. ಪಾಸಾಗುವ ಮುಂಚೆಯೇ ಅವಳು ಆಸೆಯಿಂದ ಬೋರ್ಡು ಬರೆಸಿಬಿಟ್ಟಿದ್ದಳು. 'ಸರ್ವಮಂಗಳ. ಕೆಟ್ಟಿದ್ದನ್ನು ಸರಿ ಮಾಡಿಕೊಡಲಾಗುವುದು.' ಮನೆಯಲ್ಲಿ ಜಾಗವಿಲ್ಲವೆಂದು ಅದನ್ನು ನನ್ನ ಅಂಗಡಿಯ ಕಾಗದದ ಹೊರೆಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಳು. ನೋಡಿದಾಗಲೆಲ್ಲ ಶಿಕ್ಷೆಗೆ ನಿಂತ ಮಗುವಿನ ನೆನಪಾಗುತ್ತಿತ್ತು ನನಗೆ.

ಪರೀಕ್ಷಕರು ಹೊರಗಿನಿಂದ ಬರುತ್ತಿದ್ದರು, ಕೆಟ್ಟ ಕಂಪ್ಯೂಟರು ಅವರೇ ತರುತ್ತಿದ್ದರು. ಸರ್ವಮಂಗಳ ಅದರ ಮುಂದೆ ಕೂತ ತಕ್ಷಣ ಅದು ಸರಿಯಾಗಿಬಿಡುತ್ತಿತ್ತು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಪರೀಕ್ಷಕರು ಒಳಗಿನ ಒಂದು ಭಾಗವನ್ನು ಕಿತ್ತು ಜೇಬಿಗೆ ಹಾಕಿಕೊಂಡರು, ಯಂತ್ರ ನಡೆಯಿತು. ವೈರು ಕಿತ್ತರು, ನಡೆಯಿತು. ಕೊನೆಗೆ ರೇಗಿ ಬರಿ ಪರದೆಯೊಂದನ್ನೇ ಮೇಜಿನ ಮೇಲಿಟ್ಟು ದೂರ ನಿಂತರು. ಅದೂ ಅವಳಿಗೆ ಶುಭೋದಯ ಹೇಳಿತು!

"ಕೆಟ್ಟಿದ್ದನ್ನ ಸರಿ ಮಾಡಿ ತೋರ್ಸಮ್ಮ ಅಂದ್ರೆ, ಕೆಟ್ಟೇ ಇಲ್ಲ ಅಂದ್ರೆ ನಾನೇನು ಮಾಡ್ಲಿ?" ಅಂದರು ಬೆವರು ಒರೆಸಿಕೊಳ್ಳುತ್ತ.

"ಸಾರ್, ನಂಗೆ ಗೊತ್ತು ಸಾರ್. ಯಾವ ಭಾಗ ಹೋದ್ರೆ ಏನಾಗುತ್ತೆ, ಎಲ್ಲಾ ಹೇಳ್ತೀನಿ ಸಾರ್."

"ಹೇಳೋ ಪರೀಕ್ಷೆ ಅಲ್ಲ ಇದು. ಮಾಡೋ ಪರೀಕ್ಷೆ. ನೀವು ಏನೂ ಮಾಡ್ಲಿಲ್ಲ."

ಹಾಗೆ ಫೇಲಾದಳು. ಮತ್ತೆ ಕೂತಳು, ಮತ್ತೆ ಫೇಲಾದಳು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ದಾರಿಯಲ್ಲಿ ಬರುವಾಗ ಒಂದು ಮಾತು ಅಂದಳು. "ಗಂಗಕ್ಕ, ಒಂದೇ ಒಂದು ಸಲ, ಒಂದು ಸ್ಕ್ರೂ ನಾನೇ ಬಿಚ್ಚಿ, ನಾನೇ ಹಾಕಿ, ಅದರಿಂದ ಏನೋ ಒಂದು ಸರಿಹೋಗ್ಬೇಕು. ಅಷ್ಟೇ ಕಣಕ್ಕ." ನಗುತ್ತಿದ್ದವಳು ಅವತ್ತಿನಿಂದ ನಗುವುದು ಬಿಟ್ಟೆ.

ರಿಪೇರಿಗೆ ಅವಕಾಶವಿಲ್ಲದ ಮೇಲೆ ಅವಳು ಬುದ್ಧಿ ಹೇಳುವುದಕ್ಕೆ ಶುರುಮಾಡಿದಳು. ಅಂಗಡಿ ಅಂಗಡಿಗೂ ಹೋಗಿ, ಕಂಪ್ಯೂಟರಿನಲ್ಲಿ ಇರುವುದಕ್ಕೆಲ್ಲ ಒಂದು ನಕಲು ತೆಗೆದು ಬೇರೆ ಮನೆಯಲ್ಲಿಡಿ ಅಂದಳು. ಗುರುತಿಲ್ಲದವರು ಕಳಿಸಿದ್ದನ್ನು ಒತ್ತಬೇಡಿ ಅಂದಳು. ಎಲ್ಲರೂ ಒಂದೇ ಪಾಸ್‌ವರ್ಡ್ ಇಟ್ಟುಕೊಳ್ಳಬೇಡಿ ಅಂತಂತೂ ಕಾಲು ಹಿಡಿಯುವುದೊಂದು ಬಾಕಿ. ಬೀದಿಯ ಅಷ್ಟೂ ಅಂಗಡಿಗಳ ಪಾಸ್‌ವರ್ಡ್ ಒಂದೇ ಆಗಿತ್ತು, ಅದೂ ಅವಳ ಹೆಸರೇ. ಭಕ್ತಿ! ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ ಎಲ್ಲರೂ ತಲೆದೂಗಿ, "ನೀನಿರುವಾಗ ನಮಗೇನಮ್ಮ ಚಿಂತೆ" ಅಂದು, ಕಾಫಿ ಕೊಟ್ಟು, ಒಂದು ಜೊತೆ ಚಪ್ಪಲಿ ಕೈಗಿತ್ತು ಕಳಿಸಿದರು. ನಾನೇನು ಕಡಿಮೆಯಿಲ್ಲ. ನಾಳೆ ನಕಲು ತೆಗೆಯುತ್ತೇನೆ ಅಂತ ದಿನಾ ಹೇಳುತ್ತಿದ್ದೆ.

ಕೊನೆಗೆ ಸಂಘದ ಸಭೆಯಲ್ಲಿ ಎದ್ದು ನಿಂತಳು. "ನಾನೂ ಮನುಷ್ಯಳೇ. ನನಗೂ ಜ್ವರ ಬರುತ್ತೆ. ನಮ್ಮಕ್ಕನ ಊರಿಗೆ ಹೋಗಿ ಯಾವ ಕಾಲ ಆಯ್ತೋ. ನಾನಿಲ್ಲದ ದಿನ ಏನ್ಮಾಡ್ತೀರಾ? ಯಾವುದು ಹೋದ್ರೆ ಬೀದಿ ಮುಳುಗುತ್ತೋ ಅದಕ್ಕೊಂದು ನಕಲು ಇರ್ಬೇಕಲ್ವಾ?"

ಅವಳಿಲ್ಲದ ದಿನವನ್ನು ಯಾರೂ ಯೋಚಿಸಿರಲಿಲ್ಲ. ಮಲ್ಲಾರಾಧ್ಯರ ಮುಖದಲ್ಲಿ ಬೆವರಿಳಿಯಿತು. ಶಲ್ಯ ಸರಿಮಾಡಿಕೊಂಡು ಎದ್ದರು.

"ಮಗು ಹೇಳಿದ್ದು ನೂರಕ್ಕೆ ನೂರು ಸತ್ಯ. ಯಾವುದು ಹೋದ್ರೆ ನಾವು ಮುಳುಗ್ತೀವೋ ಅದಕ್ಕೆ ನಕಲು ಬೇಕು. ಈಗ ಯೋಚ್ನೆ ಮಾಡಿ, ನಮ್ಮ ಬೀದೀಲಿ ಅಂಥದ್ದು ಯಾವ್ದು? ಲೆಕ್ಕ ಹೋದ್ರೆ ಬರೀಬೋದು. ಇವಳು ಹೋದ್ರೆ? ಆದ್ರಿಂದ ಮೊದಲು ನಕಲು ಮಾಡ್ಬೇಕಾದ್ದು ಇವಳನ್ನ!"

ಚಪ್ಪಾಳೆಯೋ ಚಪ್ಪಾಳೆ. ಸರ್ವಮಂಗಳ ಬಾಯಿ ತೆರೆದಳು, ಆ ಗದ್ದಲದಲ್ಲಿ ಅವಳ ಮಾತು ಯಾರಿಗೂ ಕೇಳಲಿಲ್ಲ. ಕೇಳಿದ್ದರೂ ಪ್ರಯೋಜನವಿರಲಿಲ್ಲ. ನಾನೂ ಚಪ್ಪಾಳೆ ಹೊಡೆಯುತ್ತಿದ್ದೆ.

ಕೆಲಸ ಜುಬೇದಾಗೆ ಒಪ್ಪಿಸಿದರು. ಸ್ಕೂಲ್ ಯೂನಿಫಾರಂ ಹೊಲಿಯುವ ಜುಬೇದಾಳ ಕೈ ಬಹಳ ಚುರುಕು. ಸರ್ವಮಂಗಳೆಯ ಅಳತೆ ತೆಗೆದುಕೊಂಡು, ಅವಳದೇ ಹಳೆಯ ಸೀರೆ ಕೇಳಿಕೊಂಡು, ಹತ್ತಿ ತುಂಬಿ, ಜಡೆಗೆ ಕಪ್ಪು ಉಲ್ಲನ್ ಹೆಣೆದು, ಒಂದು ಆಳೆತ್ತರದ ಬೊಂಬೆ ಮಾಡಿದಳು. ಮೂಗು ಮಾತ್ರ ಸ್ವಲ್ಪ ದಪ್ಪವಾಯಿತು. ಬೊಂಬೆಯನ್ನು ಗಿರಣಿಯ ಕಂಪ್ಯೂಟರಿನ ಎದುರು ಕುರ್ಚಿಯಲ್ಲಿ ಕೂರಿಸಿ, ಸರ್ವಮಂಗಳೆಯನ್ನು ಊರ ಹೊರಗೆ ಕಳಿಸಿ ನೋಡಿದರು. ಕಂಪ್ಯೂಟರು ಗಪ್‌ಚಿಪ್ ಕೆಲಸ ಮಾಡಿತು. ಮಲ್ಲಾರಾಧ್ಯರು ತೆಂಗಿನಕಾಯಿ ಒಡೆದರು.

ಮತ್ತೆ ಕೇಳಬೇಕೆ, ಅಂಗಡಿಗೊಂದು ಸರ್ವಮಂಗಳ. ಬೇಕರಿಯಲ್ಲಿ ಒಬ್ಬಳು, ಮೆಡಿಕಲ್ಲಿನಲ್ಲಿ ಒಬ್ಬಳು, ನನ್ನಲ್ಲೂ ಒಬ್ಬಳು. ಜನ ಮೊದಮೊದಲು ನಕ್ಕರು, ಆಮೇಲೆ ಮಾತಾಡಿಸತೊಡಗಿದರು. ಬೇಕರಿಯವನು ತನ್ನವಳಿಗೆ ಕಾಫಿ ಹೊತ್ತಿಗೆ ಕಾಫಿ ಇಡುತ್ತಿದ್ದ. ಮಾಗಿಯ ಚಳಿ ಶುರುವಾದಾಗ ಮೆಡಿಕಲ್ಲಿನವರು ಸ್ವೆಟರ್ ಹಾಕಿದರು. ನಾನು ನನ್ನವಳಿಗೆ ಮಲ್ಲಿಗೆ ಮುಡಿಸುತ್ತಿದ್ದೆ, ಅಂಗಡಿಗೆ ಬಂದವರ ಕಣ್ಣಿಗೂ ಚೆನ್ನಾಗಿರಲಿ ಎಂದು.

ನಿಜವಾದ ಸರ್ವಮಂಗಳೆಯ ಕಾಲಿಗೆ ವಿಶ್ರಾಂತಿ ಸಿಕ್ಕಿತು. ಆದರೆ ಅವಳನ್ನು ಕರೆಯುವವರೇ ಇಲ್ಲವಾದರು. ಬುದ್ಧಿ ಹೇಳಲು ಹೋದರೆ, "ಇಲ್ಲಿ ಒಬ್ರು ಇದ್ದಾರಲ್ಲಮ್ಮ" ಎಂದು ಕುರ್ಚಿ ತೋರಿಸುತ್ತಿದ್ದರು. ಒಂದು ದಿನ ನನ್ನ ಅಂಗಡಿಗೆ ಬಂದು ಬೊಂಬೆಯ ಪಕ್ಕದಲ್ಲಿ ಕೂತಳು.

"ಗಂಗಕ್ಕ, ನನ್ನ ಮೂಗು ಇಷ್ಟು ದಪ್ಪಾನಾ?"

"ಇಲ್ಲ ಕಣೆ. ಅದು ಜುಬೇದಾ ಕೈ ಕೆಲ್ಸ."

"ಇವಳಿಗೂ ನನಗೂ ಏನು ವ್ಯತ್ಯಾಸ ಹೇಳು. ನಾನು ಬಂದು ಕೂತ್ರೂ ಏನೂ ಮಾಡಿದ್ದಿಲ್ಲ. ಇವಳೂ ಏನೂ ಮಾಡಲ್ಲ."

ಅವಳ ತಲೆ ಸವರಿದೆ. ಆಮೇಲೆ ನೋಡಿದರೆ ನಾನು ಸವರುತ್ತಿದ್ದದ್ದು ಬೊಂಬೆಯ ತಲೆ. ಅವಳು ಎದ್ದು ಹೋಗಿದ್ದಳು.

ಬೆರ್ಚಪ್ಪನನ್ನು ಹೊಲದಲ್ಲಿ ನಿಲ್ಲಿಸಿದ ಹೊಸತರಲ್ಲಿ ಕಾಗೆಗಳು ಹೆದರುತ್ತವೆ. ಇದು ಕೈ ಎತ್ತುವುದಿಲ್ಲ, ಕಲ್ಲು ಬೀಸುವುದಿಲ್ಲ ಎಂದು ತಿಳಿದ ಮೇಲೆ ಅದರ ತಲೆಯ ಮೇಲೆಯೇ ಕೂರುತ್ತವೆ. ನಮ್ಮ ಕಂಪ್ಯೂಟರುಗಳಿಗೂ ಮೆಲ್ಲಗೆ ಅಷ್ಟು ಬುದ್ಧಿ ಬಂದಿತ್ತು ಅಂತ ಕಾಣುತ್ತದೆ. ಅದೇ ಸಮಯಕ್ಕೆ ಮಲ್ಲಾರಾಧ್ಯರಿಗೆ ಎಲ್ಲಿಂದಲೋ ಒಂದು ಸಂದೇಶ ಬಂತು. ನೀವು ಭಾಗ್ಯಶಾಲಿ, ಕಾರು ಬಂದಿದೆ, ಇಲ್ಲಿ ಒತ್ತಿ. ಅವರು ಒಮ್ಮೆ ಬೊಂಬೆಯ ಮುಖ ನೋಡಿದರಂತೆ. ಅದು ಬೇಡ ಅನ್ನಲಿಲ್ಲ. ಒತ್ತಿದರು.

ಕೋತಿ ತಾನು ಕೆಟ್ಟಿದ್ದಲ್ಲದೆ ವನವನ್ನೆಲ್ಲ ಕೆಡಿಸಿತು. ಒಳಗೆ ನುಗ್ಗಿದ ಪಿಡುಗಿಗೆ ಪ್ರತಿ ಬಾಗಿಲಲ್ಲೂ ಒಂದೇ ಬೀಗ, ಒಂದೇ ಕೀಲಿ. ಸರ್ವಮಂಗಳ, ಸರ್ವಮಂಗಳ ಅಂತ ಹೇಳಿಕೊಂಡು ಅಂಗಡಿಯಿಂದ ಅಂಗಡಿಗೆ ನಡೆದುಹೋಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಬೀದಿಯ ಪರದೆಗಳೆಲ್ಲ ನೀಲಿ. ಬೊಂಬೆಗಳು ಮಲ್ಲಿಗೆ ಮುಡಿದು, ಸ್ವೆಟರ್ ಹಾಕಿಕೊಂಡು, ಆರಿದ ಕಾಫಿಯ ಮುಂದೆ ನೆಟ್ಟಗೆ ಕೂತೇ ಇದ್ದವು.

ಆಗ ನೆನಪಾದಳು ನಮಗೆ. ಎಲ್ಲರೂ ಕೂಡಿ ಅವಳ ಮನೆಗೆ ಓಡಿದೆವು. ಅಕ್ಕನ ಊರಿಗೆ ಹೊರಡಲು ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು.

"ಬಾರಮ್ಮ ತಾಯಿ, ಬಂದು ಸುಮ್ನೆ ಒಂದ್ಸಲ ನಿಂತ್ಕೋ, ಸಾಕು" ಎಂದು ಮಲ್ಲಾರಾಧ್ಯರು ಕೈ ಮುಗಿದರು.

ನನ್ನ ಅಂಗಡಿಯೇ ಹತ್ತಿರ. ಚೀಲ ಹೆಗಲಿಗೇರಿಸಿಕೊಂಡವಳನ್ನು ಅಲ್ಲಿಗೇ ಕರೆತಂದೆವು. ಅವಳು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಳು. ನಾವೆಲ್ಲ ಉಸಿರು ಹಿಡಿದುಕೊಂಡು ಗಣಪತಿ ಬರುವುದನ್ನು ಕಾದೆವು. ಗಣಪತಿ ಬರಲಿಲ್ಲ. ಅವಳು ಹತ್ತಿರ ಹೋದಳು, ಬಗ್ಗಿ ನೋಡಿದಳು, ಬೊಂಬೆಯನ್ನು ಎತ್ತಿ ಪಕ್ಕಕ್ಕಿಟ್ಟು ಅದರ ಕುರ್ಚಿಯಲ್ಲಿ ತಾನೇ ಕೂತಳು. ಪರದೆ ನೀಲಿಯಾಗಿಯೇ ಇತ್ತು. ಅವಳೂ ಒಂದು ಬೊಂಬೆಯೇ ಎಂದುಕೊಂಡಿತೋ ಏನೋ, ಕಂಪ್ಯೂಟರು ಅವಳಿಗೆ ಹೆದರುವುದನ್ನು ಬಿಟ್ಟುಬಿಟ್ಟಿತ್ತು.

ಹಿಂದೆ ಯಾರೋ ಅಳುವುದಕ್ಕೆ ಶುರುಮಾಡಿದರು. ಆಗ ಸರ್ವಮಂಗಳ ತಿರುಗಿದಳು. ಅವಳ ಕಣ್ಣಲ್ಲೂ ನೀರು, ಆದರೆ ಬಾಯಿ ಕಿವಿಯವರೆಗೆ ಅರಳಿತ್ತು.

"ಗಂಗಕ್ಕ! ಕೆಟ್ಟಿದೆ!"

"ಕೆಟ್ಟಿದೆ ಕಣೆ, ಗೊತ್ತು!"

"ಇದೇನಾ ನೀಲಿ? ಎಷ್ಟು ಚೆನ್ನಾಗಿದೆ ಗಂಗಕ್ಕ!"

ಮಲ್ಲಾರಾಧ್ಯರಿಗೆ ಮೈ ಉರಿಯಿತು. "ಊರು ಹತ್ತಿ ಉರೀತಿದೆ, ನಿನಗೆ ನಗು ಬರುತ್ತಾ?" ಎಂದು ಗುಡುಗಿದರು. ಅವಳಿಗೆ ಕೇಳಿಸಲೇ ಇಲ್ಲ. ಚೀಲ ಬಿಚ್ಚಿ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದಳು. ಮೊದಲು ಬಿಚ್ಚಿದ ಸ್ಕ್ರೂ ಕೈತಪ್ಪಿ ಕಾಗದದ ಹೊರೆಗಳ ಕೆಳಗೆ ಉರುಳಿಹೋಯಿತು. ನಾನು, ಜುಬೇದಾ, ಶಲ್ಯ ಸೊಂಟಕ್ಕೆ ಕಟ್ಟಿಕೊಂಡ ಮಲ್ಲಾರಾಧ್ಯರು, ಮೂವರೂ ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕಿದೆವು. ಅವಳು ಏನನ್ನೋ ತಪ್ಪಾಗಿ ಸಿಕ್ಕಿಸಿ ಒಮ್ಮೆ ಕಿಡಿ ಹಾರಿತು, "ಅಯ್ಯಯ್ಯೋ ಸಾರಿ ಸಾರಿ" ಎಂದಳು. ನನಗಲ್ಲ, ಯಂತ್ರಕ್ಕೆ. ಗೊತ್ತಿದ್ದದ್ದು ಒಂದು, ಕೈಗೆ ಬರುವುದು ಇನ್ನೊಂದು. ಆದರೂ ಬಿಡಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಪರದೆ ಬೆಳಗಿತು, ಹೊಸದಾಗಿ ತಂದ ಕಂಪ್ಯೂಟರಿನ ಹಾಗೆ ಸ್ವಚ್ಛವಾಗಿ, ಖಾಲಿಯಾಗಿ.

"ನನ್ನ ಪತ್ರಿಕೆಗಳು?" ಅಂದೆ.

ಅವಳ ನಗು ಇಳಿಯಿತು. "ಯಂತ್ರ ಬದುಕ್ತು ಗಂಗಕ್ಕ. ಒಳಗಿದ್ದದ್ದು ವಾಪಸ್ ಬರಲ್ಲ. ನಕಲು ಇಟ್ಟಿದ್ರೆ ತರ್ತಿದ್ದೆ."

ನಾಳೆ ತೆಗೆಯುತ್ತೇನೆ ಎಂದವಳು ನಾನು. ಯಾರನ್ನು ಬೈಯಲಿ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂಗಡಿ ಅಂಗಡಿಗೂ ಹೋಗಿ ಅವಳು ಯಂತ್ರ ಎಬ್ಬಿಸಿದಳು, ಪ್ರತಿ ಅಂಗಡಿಯಲ್ಲೂ ಇದೇ ಮಾತನ್ನು ತಲೆ ತಗ್ಗಿಸಿಕೊಂಡು ಹೇಳಿದಳು. ಮೆಡಿಕಲ್ಲಿನವರು ಯಾವ ಮಾತ್ರೆ ಎಷ್ಟಿದೆ ಎಂದು ಡಬ್ಬಿ ಡಬ್ಬಿ ಬಗ್ಗಿ ನೋಡಿದರು. ಮಲ್ಲಾರಾಧ್ಯರ ಮಗಳ ಲಗ್ನಪತ್ರಿಕೆ ನನ್ನಲ್ಲೇ ಇತ್ತು, ಅದೂ ಹೋಗಿತ್ತು. ನೆಂಟರ ಹೆಸರನ್ನೆಲ್ಲ ಅವರು ಮತ್ತೆ ನೆನಪಿನಿಂದ ಹೇಳಬೇಕಾಯಿತು, ಹೇಳಿದರು, ಹೆಂಡತಿಯ ಅಣ್ಣನನ್ನು ಮರೆತರು. ಆ ಜಗಳ ಇವತ್ತಿಗೂ ಮುಗಿದಿಲ್ಲ.

ಪರೀಕ್ಷಕರು ಮತ್ತೆ ಬಂದಾಗ ಅರ್ಧ ಬೀದಿಯೇ ಕಿಟಕಿಯ ಹೊರಗೆ ನಿಂತಿತ್ತು. ಅವರು ಬೇಸರದಿಂದಲೇ ಕೆಟ್ಟ ಕಂಪ್ಯೂಟರು ಇಟ್ಟರು. ಸರ್ವಮಂಗಳ ಎದುರಿಗೆ ಕೂತಳು. ಅದು ಕೆಟ್ಟೇ ಇತ್ತು. ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದರು, ಕೆಟ್ಟೇ ಇತ್ತು. ಇನ್ನೇನು ಅವರೇ ಅತ್ತುಬಿಡುತ್ತಾರೆ ಅನ್ನಿಸಿತು ನನಗೆ. ಹೊರಗೆ ನಾವು, ಸರಿಹೋಗದಿರಲಪ್ಪಾ ದೇವರೇ, ಇನ್ನೂ ಸ್ವಲ್ಪ ಹೊತ್ತು ಕೆಟ್ಟೇ ಇರಲಿ ಎಂದು ಕೈ ಮುಗಿದು ನಿಂತಿದ್ದೆವು. ಅವಳು ನಿಧಾನವಾಗಿ ಮೊದಲ ಸ್ಕ್ರೂ ಬಿಚ್ಚಿ, ಈ ಸಲ ಬೀಳದ ಹಾಗೆ, ಸೆರಗಿನ ತುದಿಗೆ ಕಟ್ಟಿಕೊಂಡಳು.

ಪಾಸಾದಳು. ಬೋರ್ಡನ್ನು ನನ್ನ ಅಂಗಡಿಯಿಂದ ಮೆರವಣಿಗೆಯ ಹಾಗೆ ಹೊತ್ತುಕೊಂಡು ಹೋದೆವು. ಬೊಂಬೆಗಳ ಹತ್ತಿ ಬಿಚ್ಚಿ ಜುಬೇದಾ ದಿಂಬು ಹೊಲಿದಳು. ಈಗ ಬೀದಿಯಲ್ಲಿ ಒಂದೊಂದು ಅಂಗಡಿಗೂ ಒಂದೊಂದು ಪಾಸ್‌ವರ್ಡ್, ಯಾರದೂ ಯಾರಿಗೂ ಗೊತ್ತಿಲ್ಲ. ಸಂಜೆ ಬಾಗಿಲು ಹಾಕುವ ಮುಂಚೆ ನನ್ನ ನಕಲನ್ನು ಜುಬೇದಾ ಮನೆಯಲ್ಲಿಡುತ್ತೇನೆ, ಅವಳದನ್ನು ನನ್ನ ಮನೆಗೆ ತರುತ್ತೇನೆ. ಕಂಪ್ಯೂಟರುಗಳು ಸರ್ವಮಂಗಳೆಯನ್ನು ಬೇರೆಯವರನ್ನು ಕಂಡ ಹಾಗೆಯೇ ಕಾಣುತ್ತವೆ. ಹೆದರುವುದೂ ಇಲ್ಲ, ಮರ್ಯಾದೆ ಕೊಡುವುದೂ ಇಲ್ಲ.

ಮೊನ್ನೆ ಅವಳು ಕೊನೆಗೂ ಅಕ್ಕನ ಊರಿಗೆ ಹೋದಳು, ಅಕ್ಕನ ಮಗಳ ನಾಮಕರಣಕ್ಕೆ. ಅಂಗಡಿಗೆ ಬೀಗ, ಮೇಲೊಂದು ಚೀಟಿ, 'ರಜೆ'. ಬೀದಿ ಅದನ್ನು ನೋಡಿಕೊಂಡು ತನ್ನ ಪಾಡಿಗೆ ತಾನು ವ್ಯಾಪಾರ ಮಾಡಿತು. ಏನೇನೋ ಕೆಟ್ಟಿತು, ನಕಲು ತಂದು ಅವರವರೇ ನಿಭಾಯಿಸಿಕೊಂಡರು. ಯಾರೂ ಓಡಿಹೋಗಿ ಬಾಗಿಲು ಬಡಿಯಲಿಲ್ಲ.

ಬಸ್ಸಿಳಿದವಳು ಮನೆಗೂ ಹೋಗದೆ ಸೀದಾ ನನ್ನ ಅಂಗಡಿಗೆ ಬಂದಳು. ಬ್ಯಾಗು ಕೆಳಗಿಡುತ್ತ, ಏನೂ ಆಗಿರಬಾರದು ಅನ್ನುವವಳ ಹಾಗೆ ಕೇಳಿದಳು, "ನಾನಿಲ್ಲದಾಗ ಏನೂ ತೊಂದ್ರೆ ಆಗ್ಲಿಲ್ಲ ತಾನೇ ಗಂಗಕ್ಕ?" ಆದರೆ ಕಣ್ಣು ಬೇರೆ ಏನನ್ನೋ ಕೇಳುತ್ತಿತ್ತು. ನಾನು ಮೇಜಿನ ಕೆಳಗೆ ಬಟ್ಟೆ ಮುಚ್ಚಿ ಇಟ್ಟಿದ್ದ ಪ್ರಿಂಟರನ್ನು ಎಳೆದು ಅವಳ ಮುಂದಿಟ್ಟೆ.

"ನೀನು ಹೋದ ಮಾರನೇ ದಿನವೇ ಕೆಟ್ಟಿತು. ಜುಬೇದಾ ತಮ್ಮ ಸರಿ ಮಾಡಿಕೊಡ್ತೀನಿ ಅಂದ, ಮುಟ್ಟೋಕೆ ಬಿಡ್ಲಿಲ್ಲ. ನಿನಗೇ ಅಂತ ಹಾಗೇ ಇಟ್ಟಿದ್ದೀನಿ ಕಣೆ."

ಸರ್ವಮಂಗಳ ಊರಿನಿಂದ ತಂದ ನಾಮಕರಣದ ಸಿಹಿಯನ್ನು ನನ್ನ ಕೈಗೆ ತುರುಕಿ, ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬ್ಯಾಗಿನಿಂದ ಸ್ಕ್ರೂಡ್ರೈವರುಗಳ ಚೀಲ ತೆಗೆದು ಬಿಚ್ಚಿದಳು.